ಆಷಾಢದ ಥಾಯ್ ಪಾಠ

ಬ್ಯಾಂಕಾಕಿನಲ್ಲಿ ಮದುವೆ ಊಟದ ಆ ಅಡುಗೆಮನೆ ಎದ್ದು ನಿಲ್ಲಲು ಹಿಡಿದದ್ದು ಇಷ್ಟು: ಬಿನ್ನಿಪೇಟೆಯಲ್ಲಿ ಯಮುನಾಳ ಹೆಸರಿನಲ್ಲಿದ್ದ ಒಂದು ಪುಟ್ಟ ಮನೆ, ಗಂಡ ಸತ್ತಾಗ ಬಂದ ಇನ್ಶೂರೆನ್ಸ್ ಹಣ, ಅವಳ ಎರಡೂ ಮೊಣಕಾಲು. ತಮ್ಮ ಅಭಿನಂದನ್ ಹಾಕಿದ್ದು ಇಂಗ್ಲಿಷು, ಕಾಗದಪತ್ರದ ಕೆಲಸ ಮತ್ತು ಓಡಾಟ. ಇಂಗ್ಲಿಷಿಗೂ ಬೆಲೆಯುಂಟು, ಯಮುನಾ ಅದನ್ನು ಯಾವತ್ತೂ ಇಲ್ಲವೆಂದವಳಲ್ಲ.

ವ್ಯಾಪಾರ ಚೆನ್ನಾಗಿಯೇ ಕುದುರಿತು. ಬೆಂಗಳೂರಿನ ದುಡ್ಡಿದ್ದವರಿಗೆ ಥಾಯ್ಲೆಂಡಿನ ಸಮುದ್ರದಂಡೆಯಲ್ಲಿ, ಮರಳ ಮೇಲೆ ನಿಂತು ತಾಳಿ ಕಟ್ಟಬೇಕು. ಊಟಕ್ಕೆ ಕೂತಾಗ ಮಾತ್ರ ಎಲೆಯ ತುದಿಗೆ ಕೋಸಂಬರಿ, ನಡುವೆ ಕಾಯಿ ಹೋಳಿಗೆ ಬೀಳಬೇಕು. ಆ ಹೋಳಿಗೆಯನ್ನು ತಟ್ಟುವ ಕೈ ಯಮುನಾಳದು.

ಆಷಾಢದಲ್ಲಿ ಮುಹೂರ್ತವಿಲ್ಲ. ಹಾಗಾಗಿ ಪ್ರತಿವರ್ಷ ಆ ತಿಂಗಳು ಅಕ್ಕ ತಮ್ಮ ಇಬ್ಬರೂ ಒಲೆ ಆರಿಸಿ, ಚಾಮರಾಜಪೇಟೆಯಲ್ಲಿ ತಾಯಿ ತಿಮ್ಮಕ್ಕ ಇರುವ ಬಾಡಿಗೆ ಮನೆಗೆ ಬರುತ್ತಿದ್ದರು. ಈ ಸಲ ಬಂದಾಗ ತಲೆಯ ಮೇಲೊಂದು ಪರೀಕ್ಷೆ ಕೂತಿತ್ತು. ಆ ದೇಶದಲ್ಲಿ ಕಾಯಂ ನೆಲೆಸಲು ಅನುಮತಿ ಬೇಕೆಂದರೆ ಅಧಿಕಾರಿಗಳ ಮುಂದೆ ಕೂತು ಥಾಯ್ ಭಾಷೆಯಲ್ಲೇ ಉತ್ತರಿಸಬೇಕು. ಇಬ್ಬರ ಅರ್ಜಿಯೂ ಡಿಸೆಂಬರಿನಲ್ಲೇ ಹೋಗಿದೆ ಎಂದು ಅಭಿನಂದನ್ ಹೇಳಿದ್ದ. ಅವನಿಗೆ ಕರೆ ಬಂದಿತ್ತು, ಮುಂದಿನ ವಾರವೇ ಸಂದರ್ಶನ. "ನಿಂದು ಮುಂದಿನ ಬ್ಯಾಚಲ್ಲಿ ಬರುತ್ತೆ ಅಕ್ಕ," ಅಂದಿದ್ದ.

ಯಮುನಾ ಥಾಯ್ ಕಲಿತದ್ದು ಮಾರ್ಕೆಟ್ಟಿನಲ್ಲಿ. ತೆಂಗಿನಕಾಯಿ ಮಾರುವ ಹೆಂಗಸರ ಜೊತೆ ಚೌಕಾಸಿ ಮಾಡಿ, ಬೈಸಿಕೊಂಡು, ಬೈದು, ಆಮೇಲೆ ಅವರ ಮಕ್ಕಳ ಮದುವೆಗೆ ಹೋಗಿ ಕಲಿತದ್ದು. ಅಭಿನಂದನ್ ಟ್ಯೂಷನ್ನಿಗೆ ದುಡ್ಡು ಕಟ್ಟಿ, ಎಸ್ಸೆಸ್ಸೆಲ್ಸಿ ಹುಡುಗನ ಹಾಗೆ ಉತ್ತರಗಳನ್ನು ಉರು ಹೊಡೆದಿದ್ದ. ಪ್ರಶ್ನೆ ಕೇಳಲು ಯಾರಾದರೂ ಬೇಕಿತ್ತಲ್ಲ, ಅಧಿಕಾರಿಯ ಪಾತ್ರ ಯಮುನಾಳ ಪಾಲಿಗೆ ಬಂತು. ಅವ್ವನ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು.

"ಮೊದ್ಲು ಕೈ ಮುಗಿ. ಮೈಸೂರು ದಸರಾ ಆನೆ ಥರ ತಲೆ ಆಡಿಸ್ಬೇಡ."

ನೆಲದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ ತಿಮ್ಮಕ್ಕ ನಕ್ಕಳು. "ಇದೇನ್ ಭಾಷೆಯೋ. ಮೂಗಲ್ಲೇ ಮಾತಾಡ್ತಾರೆ, ನೆಗಡಿ ಬಂದ್ರೆ ಏನ್ಮಾಡ್ತಾರೋ."

ಹೆಸರು, ಊರು, ಉದ್ಯೋಗ, ಎಷ್ಟು ತೆರಿಗೆ ಕಟ್ಟುತ್ತೀರಿ, ಥಾಯ್ಲೆಂಡ್ ಯಾಕೆ ಇಷ್ಟ. ಕೇಳಿದಂತೆ ಅಭಿನಂದನ್ ಒಪ್ಪಿಸುತ್ತಾ ಹೋದ. ಆದರೆ ಅಧಿಕಾರಿಗಳು ಸಾಲಾಗಿ ಕೇಳುವವರಲ್ಲ ಎಂಬುದು ಯಮುನಾಳಿಗೆ ಗೊತ್ತಿತ್ತು. ವರ್ಷವರ್ಷ ವೀಸಾ ಕಚೇರಿಯಲ್ಲಿ ಕೂತು ನೋಡಿದ್ದಳು. ತಮ್ಮ ಅಲ್ಲಿ ತಡಬಡಿಸಬಾರದೆಂದು, ಅವನು ಕೊಟ್ಟ ಪ್ರಶ್ನೆಗಳ ಪಟ್ಟಿಯನ್ನು ಬಿಟ್ಟು, ಥಾಯ್‌ನಲ್ಲಿ ಥಟ್ಟನೆ ಕೇಳಿದಳು:

"ನಿಮ್ಮ ಅಡುಗೆಮನೆ ಯಾರು ನೋಡಿಕೊಳ್ಳುತ್ತಾರೆ?"

ಉರು ಹೊಡೆದ ನಾಲಿಗೆ ಎದುರಿಗೆ ಯಾರಿದ್ದಾರೆ ಎಂದು ನೋಡುವುದಿಲ್ಲ. ಅವನು ನೆಟ್ಟಗೆ ಕೂತು ಒಂದೇ ಉಸಿರಿನಲ್ಲಿ ಥಾಯ್‌ನಲ್ಲೇ ಹೇಳಿದ: "ಕಂಪನಿ ಪೂರ್ತಿ ನನ್ನದು. ಅಡುಗೆಗೆ ನನ್ನ ಅಕ್ಕನನ್ನು ಸಂಬಳಕ್ಕೆ ಇಟ್ಟುಕೊಂಡಿದ್ದೇನೆ. ಈ ವರ್ಷ ಅವರು ಭಾರತಕ್ಕೆ ವಾಪಸ್ ಹೋಗುತ್ತಾರೆ. ಅವರ ಜಾಗಕ್ಕೆ ಇಬ್ಬರು ಥಾಯ್ ಜನರನ್ನು ತೆಗೆದುಕೊಳ್ಳುತ್ತೇನೆ."

ಮುಗಿಸಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೇ ಕೇಳಿಸಿತು.

ಯಮುನಾ ಕನ್ನಡಕ ತೆಗೆದು ಮಡಿಸಿದಳು. "ಉಚ್ಚಾರಣೆ ಚೆನ್ನಾಗಿದೆ. ಯಾರು ಬರ್ಕೊಟ್ಟಿದ್ದು?"

"ಅಲ್ಲಿನ ಲಾಯರ್ ಅಕ್ಕ. ಅದು ಸುಮ್ನೆ ಬಾಯ್ಮಾತಿಗೆ..."

"ನನ್ನ ಅರ್ಜಿ?"

ಅವನು ಕಿಟಕಿಯ ಕಡೆ ನೋಡಿದ.

"ಕಮಿಷನರ್ ಆಫೀಸಿಗೆ ಅಲೆದು ಪೊಲೀಸ್ ಸರ್ಟಿಫಿಕೇಟ್ ತಂದ್ಕೊಟ್ನಲ್ಲೋ ಅಭಿ. ಫೋಟೋ ಕೊಟ್ಟೆ."

"ಕೊಟ್ಟೆ. ನಾನು ಹಾಕ್ಲಿಲ್ಲ. ಕಂಪನಿ ಒಬ್ಬನ ಹೆಸ್ರಲ್ಲಿದ್ರೆ ಕೇಸ್ ಗಟ್ಟಿ ಅಂದ್ರು. ಇಬ್ರಿಗೂ ಸಿಗದೇ ಇರೋದಕ್ಕಿಂತ ಒಬ್ರಿಗಾದ್ರೂ ಸಿಗ್ಲಿ ಅಂತ. ಮೊದ್ಲು ನಂದಾಗ್ಲಿ, ಆಮೇಲೆ ನಿನ್ನನ್ನ ಕರೆಸ್ಕೋತೀನಿ."

"ಸಂಬಳಕ್ಕೆ?"



ಯಮುನಾ ತಾಯಿಯ ಕಡೆ ತಿರುಗಿದಳು. ತಿಮ್ಮಕ್ಕನಿಗೆ ಥಾಯ್ ಬಾರದು. ಆದರೂ ಅವಳ ಕೈ ನಿಂತಿತ್ತು, ಏನಾಯಿತೆಂದು ಅವಳು ಕೇಳಲಿಲ್ಲ.

"ಅವ್ವ, ನಿಂಗೂ ಗೊತ್ತಿತ್ತಾ?"

"ಯುಗಾದಿ ಟೈಮಲ್ಲಿ ಫೋನ್ ಮಾಡಿ ಹೇಳ್ದ ಕಣೆ," ಅಂದಳು ತಿಮ್ಮಕ್ಕ, ಬೆಳ್ಳುಳ್ಳಿಯನ್ನೇ ನೋಡುತ್ತಾ. "ಗಂಡು ಮಗ, ಒಂದ್ಕಡೆ ನೆಲೆ ನಿಲ್ಲಲಿ ಅಂದ್ಕೊಂಡೆ. ನಿಂಗೇನು, ಒಂಟಿ ಜೀವ. ಎಲ್ಲಿದ್ರೂ ನಡಿಯುತ್ತೆ."

ಯಮುನಾ ಕೂಗಾಡಲಿಲ್ಲ. ಎದ್ದು ಹೋಗಿ ಅನ್ನಕ್ಕಿಟ್ಟಳು, ಸಾರಿಗೆ ಒಗ್ಗರಣೆ ಹಾಕಿದಳು. ಇಬ್ಬರಿಗೂ ಬಡಿಸಿದಳು. ತಾನು ಉಣ್ಣಲಿಲ್ಲ.

ಸಂಜೆ ಅಭಿನಂದನ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಕ್ಷಮೆ ಕೇಳಲು ಬಂದನೆಂದು ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಅಕ್ಕ, ಗುರುವಾರ ಫ್ಲೈಟು," ಅಂದ ಅವನು. "ಇನ್ನೊಂದ್ಸಲ ಪ್ರಶ್ನೆ ಕೇಳ್ತೀಯಾ?"

ಚಿಕ್ಕವನಿದ್ದಾಗ ಇವನಿಗೆ ಮಗ್ಗಿ ಕಲಿಸಿದ್ದೂ ಅವಳೇ.

"ಬಾ, ಕೂತ್ಕೋ."

ಕುರ್ಚಿಯಲ್ಲಿ ಕೂತು ಥಾಯ್‌ನಲ್ಲಿ ಕೇಳಿದಳು: "ನಿಮ್ಮ ಅಕ್ಕ ಈಗ ಎಲ್ಲಿದ್ದಾರೆ?"

ಅವಳೇ ನಿಧಾನವಾಗಿ, ಮಕ್ಕಳಿಗೆ ಹೇಳಿಕೊಡುವ ಹಾಗೆ, ಉತ್ತರ ಹೇಳಿದಳು: "ಅಕ್ಕ ಊರಿನಲ್ಲೇ ಉಳಿದರು. ಇನ್ನು ಬರುವುದಿಲ್ಲ."

"ಅಕ್ಕ, ಶ್ರಾವಣದಲ್ಲಿ ಮೂರು ಮದ್ವೆ ಒಪ್ಕೊಂಡಿದೀವಿ..."

"ನೀನು ಒಪ್ಕೊಂಡಿದೀಯ. ಕಂಪನಿ ನಿಂದಲ್ವಾ. ಹೇಳು."

ಅವನು ಹೇಳಿದ. ತಪ್ಪಿದ. ಅವಳು ತಿದ್ದಿದಳು. ತಪ್ಪಿಲ್ಲದೆ ಬರುವವರೆಗೂ ಹೇಳಿಸಿದಳು.

ಗುರುವಾರ ಅವನು ಒಬ್ಬನೇ ಹೋದ. ಸಂದರ್ಶನ ಚೆನ್ನಾಗಾಯಿತಂತೆ. ಶ್ರಾವಣದ ಮದುವೆಗಳಿಗೆ ಅಡುಗೆಯವರನ್ನು ಹೊರಗಿನಿಂದ ಕರೆಸಿದನಂತೆ, ಹೋಳಿಗೆ ಹರಿಯಿತಂತೆ. ಯಮುನಾ ಗಾಂಧಿನಗರದ ಒಂದು ಛತ್ರದ ಅಡುಗೆ ಗುತ್ತಿಗೆ ಹಿಡಿದಳು. ತಾಯಿಯ ಜೊತೆ ಅದೇ ಮನೆಯಲ್ಲಿದ್ದಾಳೆ, ಬಾಡಿಗೆ ಅವಳೇ ಕಟ್ಟುತ್ತಾಳೆ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾಳೆ.

ಬಿನ್ನಿಪೇಟೆಯ ಮನೆ ಹೋಯಿತು. ತಮ್ಮ ಹೋದ, ತಾಯಿ ಮನೆಯಲ್ಲಿದ್ದರೂ ಅರ್ಧ ಹೋದಳು. ಬಂದದ್ದು ಥಾಯ್ ಭಾಷೆಯೊಂದೇ. ಚಾಮರಾಜಪೇಟೆಯಲ್ಲಿ ಅದನ್ನು ಮಾತಾಡಲು ಯಾರೂ ಇಲ್ಲ.