ನಾಲ್ಕು ಬೆರಳು ಕಡಿಮೆ

ಜಾಯಿಂಟು ಕೂರಲಿಲ್ಲ. ಗ್ಯಾರೇಜಿನಕ್ಕ ಅದನ್ನು ತಿರುಗಿಸಿ ಹಿಡಿದಳು, ಗ್ರೀಸು ಸವರಿ ಮತ್ತೊಮ್ಮೆ ತೂರಿಸಿದಳು, ಕೊನೆಗೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಪುಸಲಾಯಿಸಿಯೂ ನೋಡಿದಳು. ಅದು ಆ ಕಡೆ ಈ ಕಡೆ ಲೊಡಲೊಡ ಆಡಿತೇ ಹೊರತು ತನ್ನ ಜಾಗದಲ್ಲಿ ನಿಲ್ಲಲಿಲ್ಲ. ಪೇಟೆಯಿಂದ ಬೆಳಗಿನ ಬಸ್ಸಿನಲ್ಲಿ ಬಂದ ಹೊಸ ಸಾಮಾನು ಅದು. ತಾನೇ ಹೇಳಿ ತರಿಸಿದ್ದು.

ಹದಿನೆಂಟು ವರ್ಷದಲ್ಲಿ ಒಮ್ಮೆಯೂ ತಪ್ಪು ಸಾಮಾನು ತರಿಸಿದವಳಲ್ಲ ಎಂಬ ಹೆಸರು ಅವಳಿಗಿತ್ತು. ಆ ಹೆಸರೇ ಈಗ ಕೈಕೊಟ್ಟಿತ್ತು. ಮೊನ್ನೆ ಸೋದರಮಾವನ ಹಳೆಯ ಪಿಕಪ್ಪು ಕಟಕಟ ಎನ್ನುತ್ತ ಅಂಗಳಕ್ಕೆ ಬಂದಾಗ, ಕುಳಿತಲ್ಲಿಂದ ಏಳದೆಯೇ "ಮುಂದಿನ ಆಕ್ಸಲ್ಲಿನ ಜಾಯಿಂಟು ಹೋಗಿದೆ" ಎಂದಿದ್ದಳು. ರೋಗ ಹೇಳಿದ್ದೇನೋ ಸರಿಯೇ. ಆದರೆ ಗಾಡಿಯ ಕೆಳಗೆ ನುಸುಳಿ ನೋಡದೆ, ಕಾಗದದಲ್ಲಿದ್ದ ವರ್ಷ ಓದಿ ಮದ್ದು ಬರೆದುಬಿಟ್ಟಿದ್ದಳು.

ಮಾವ ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು, ಈಗ ನಲವತ್ತು ಜೇನುಪೆಟ್ಟಿಗೆಗಳ ಯಜಮಾನರು. "ನನ್ನ ಹತ್ರ ದಿನಕ್ಕೆ ಎರಡು ಮಾತು, ಹುಳದ ಹತ್ರ ಇನ್ನೂರು" ಎಂದು ಅತ್ತೆ ಊರಿಗೆಲ್ಲ ಹೇಳಿಕೊಂಡು ಬರುವಷ್ಟು ಅವರಿಗೆ ಜೇನಿನ ಹುಚ್ಚು. ಪೆಟ್ಟಿಗೆಗಳೆಲ್ಲ ಒಂದು ಹಣ್ಣಿನ ತೋಟದಲ್ಲಿದ್ದವು. ನಾಳಿದ್ದು ಬೆಳಿಗ್ಗೆ ಆ ತೋಟಕ್ಕೆ ಕೀಟನಾಶಕ ಹೊಡೆಯುವವರಿದ್ದರು. ಅಷ್ಟರೊಳಗೆ ಪೆಟ್ಟಿಗೆಗಳು ಗುಡ್ಡದ ಮೇಲಿನ ಹುಲ್ಲುಗಾವಲು ಸೇರದಿದ್ದರೆ ಹುಳ ಒಂದೂ ಉಳಿಯುವುದಿಲ್ಲ. ಗುಡ್ಡದ ಕೊನೆಯ ಏರನ್ನು ನಾಲ್ಕೂ ಚಕ್ರ ಎಳೆದರೆ ಮಾತ್ರ ಹತ್ತಬಹುದು. ಅಂಥ ಗಾಡಿ ಸುತ್ತಮುತ್ತ ಇದೊಂದೇ. ಜಾಯಿಂಟಿಲ್ಲದೆ ಅದರ ಮುಂದಿನ ಚಕ್ರಗಳು ಎಳೆಯುವುದಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಸ್ಟೂಲಿನ ಮೇಲೆ ಕುಳಿತಿದ್ದ ಮಾವ ಹೇಳಿದರು. "ಜಾಯಿಂಟೇ ಡೊಂಕು ಅಂತ ನೀನು ಅನ್ನೋದಕ್ಕೆ ಮುಂಚೆ ನಾನೇ ಹೇಳಿಬಿಟ್ಟೆ." ಬಾಯಿ ತಮಾಷೆ ಮಾಡುತ್ತಿತ್ತು, ಕೈ ಮಾತ್ರ ಟೋಪಿಯನ್ನು ಹಿಂಡುತ್ತಿತ್ತು.

"ತಪ್ಪು ನಂದೇ ಮಾವ. ನೋಡದೆ ಹೇಳಿದೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸೊಸೆಯ ಬಾಯಲ್ಲಿ ಈ ಮಾತು ಕೇಳಿ ಮಾವನಿಗೆ ನಿಜವಾಗಿ ಗಾಬರಿಯಾಯಿತು.

ಮುರಿದ ಜಾಯಿಂಟು ನುಚ್ಚುನೂರಾಗಿತ್ತು, ಅಳತೆಗೆ ಸಿಗುವಂತಿರಲಿಲ್ಲ. ಇದು ಯಾವ ಆಕ್ಸಲ್ಲು ಎಂದು ತಿಳಿದರಷ್ಟೇ ಸರಿಯಾದದ್ದನ್ನು ತರಿಸಬಹುದು. ಬಸ್ಸು ದಿನಕ್ಕೆ ಒಂದೇ. ನಾಳೆಯೂ ತಪ್ಪು ಸಾಮಾನು ಬಂದರೆ ಆಮೇಲೆ ಹೊತ್ತಿಲ್ಲ. ಅವಳು ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಅಂಗಾತ ಸರಿದಳು. ಎದೆಯ ಮೇಲೆ ಫೋನಿಟ್ಟುಕೊಂಡು ಪೇಟೆಯ ಬಿಡಿಭಾಗದ ಅಂಗಡಿಯವನಿಗೆ ಕರೆ ಮಾಡಿದಳು.

"ಗೇರಿನ ಮುಚ್ಚಳಕ್ಕೆ ಬೋಲ್ಟು ಎಷ್ಟಿದೆ?" ಅವನು ಕೇಳಿದ.

"ಹತ್ತು."

"ಹತ್ತು ಬೋಲ್ಟಿಂದು ಎರಡು ಥರ ಬರತ್ತೆ. ಕೊಳವೆ ಮೇಲೆ ನಂಬರು ಹೊಡೆದಿರ್ತಾರೆ, ನೋಡಿ."

ಗೇರುಗಳ ದುಂಡು ಹೊಟ್ಟೆಯಿಂದ ಎರಡೂ ಚಕ್ರಗಳ ಕಡೆಗೆ ಕಬ್ಬಿಣದ ಕೊಳವೆಗಳು ಚಾಚಿದ್ದವು, ಒಂದು ಗಿಡ್ಡ, ಒಂದು ಉದ್ದ. ಮೂವತ್ತು ವರ್ಷದ ಮಣ್ಣೂ ಎಣ್ಣೆಯೂ ಅಲ್ಲಿ ಕಲ್ಲಿನಂತೆ ಕೂತಿದ್ದವು. ಸೀಮೆಎಣ್ಣೆಯಲ್ಲಿ ತೊಳೆದಳು, ತಂತಿಯ ಬ್ರಷ್ಷಿನಿಂದ ಉಜ್ಜಿದಳು. ನಿವೃತ್ತಿಯಾದರೂ ಮಾವನ ಜೇಬು ಬಿಟ್ಟುಹೋಗದಿದ್ದ ಸೀಮೆಸುಣ್ಣದ ತುಂಡು ಈಸಿಕೊಂಡು ಕೊಳವೆಯ ಮೇಲೆ ಬಳಿದಳು. ಗೀರುಗಳಲ್ಲಿ ಬಿಳಿ ತುಂಬಿ ಅಂಕಿಗಳು ಒಂದೊಂದಾಗಿ ಎದ್ದುಬಂದವು.

ಅವಳು ಓದಿ ಹೇಳಿದಳು. ಆ ಕಡೆ ಪುಸ್ತಕ ಮಗುಚುವ ಸದ್ದು ಕೇಳಿಸಿತು.

"ಅಕ್ಕ, ಈ ಆಕ್ಸಲ್ಲು ನಿಮ್ಮ ಗಾಡೀದಲ್ಲ, ದೊಡ್ಡ ಲಾರಿದು. ನಿಮ್ಮ ಗಾಡೀದಕ್ಕಿಂತ ನಾಲ್ಕು ಬೆರಳು ಅಗಲ ಜಾಸ್ತಿ. ಅಲ್ಲಿ ಕೂರೋಕೇ ಸಾಧ್ಯ ಇಲ್ಲ. ಬೇಕಾದ್ರೆ ಅಳತೆ ಹಿಡೀರಿ."

ಹಿಡಿದಳು. ಮುಂದಿನ ಆಕ್ಸಲ್ಲು ಹಿಂದಿನದರಷ್ಟೇ ಅಗಲವಿತ್ತು, ಈ ಗಾಡಿಗೆ ಎಷ್ಟು ಬೇಕೋ ಅಷ್ಟೇ.

"ಹಾಗಾದ್ರೆ ನಂಬರು ಓದಿದ್ದು ತಪ್ಪಾಗಿರ್ಬೇಕು. ಹತ್ತು ಬೋಲ್ಟಿಂದೇ ಇನ್ನೊಂದು ಕಳಿಸ್ಲಾ? ಐದಕ್ಕೆ ಪಾರ್ಸೆಲ್ ಕಟ್ಬೇಕು ನಾನು."

"ಸ್ವಲ್ಪ ತಾಳಪ್ಪ," ಎಂದು ಅವಳು ಅಂಕಿಗಳನ್ನು ಮತ್ತೆ ಓದಿದಳು, ಟೇಪನ್ನು ಮತ್ತೆ ಎಳೆದಳು. ಎರಡೂ ಕದಲಲಿಲ್ಲ. "ಮಾವ, ನಂಬರೂ ಸರಿಯಿದೆ, ಅಳತೆಯೂ ಸರಿಯಿದೆ. ಒಂದಕ್ಕೊಂದು ತಾಳೆ ಮಾತ್ರ ಆಗ್ತಿಲ್ಲ."

ಮಾವ ಸ್ಟೂಲಿನಿಂದ ಬಗ್ಗಿ ನೋಡಿದರು. "ಎರಡೂ ಸರಿ ಅಂದ್ರೆ, ನಡುವೆ ಯಾರೋ ನಾಲ್ಕು ಕಳೆದಿದಾರೆ."

ಅವಳು ಸುತ್ತಿಗೆ ತೆಗೆದುಕೊಂಡು ಉದ್ದದ ಕೊಳವೆಯನ್ನು ಬೆರಳು ಬೆರಳು ಬಿಟ್ಟು ತಟ್ಟುತ್ತ ಹೋದಳು. ಠಣ್. ಠಣ್. ಠಣ್. ನಡುವೆ ಒಂದು ಗೇಣಿನಷ್ಟು ಜಾಗದಲ್ಲಿ ಸದ್ದು ಮಂದವಾಯಿತು, ಒಳಗೆ ಇನ್ನೊಂದು ಕೊಳವೆ ಅಡಗಿದ್ದ ಹಾಗೆ. ಆಚೆಗೆ ಮತ್ತೆ ಠಣ್. ಅಲ್ಲಿಯ ಬಣ್ಣವನ್ನು ಮರಳುಕಾಗದದಿಂದ ತಿಕ್ಕಿದಳು. ಕೊಳವೆಯ ಸುತ್ತ ಕೂದಲಿನಷ್ಟು ಸಣ್ಣದೊಂದು ಗೆರೆ ಕಂಡಿತು.

ಯಾರೋ ಆ ದೊಡ್ಡ ಆಕ್ಸಲ್ಲನ್ನು ಕತ್ತರಿಸಿ, ನಾಲ್ಕು ಬೆರಳು ತೆಗೆದು, ಮತ್ತೆ ಬೆಸೆದಿದ್ದರು. ಬೆಸುಗೆಯ ಕಾವಿಗೆ ಕಬ್ಬಿಣ ಬಾಗುತ್ತದೆ. ಬಾಗದ ಹಾಗೆ ಇಲ್ಲಿಷ್ಟು, ಎದುರು ಬದಿಗಿಷ್ಟು ಹಾಕಿ, ಆರಲು ಬಿಟ್ಟು, ಮತ್ತೆ ಹಾಕಿರಬೇಕು. ಒಳಗೆ ತಿರುಗುವ ಸರಳನ್ನೂ ಅಷ್ಟೇ ಮೋಟು ಮಾಡಿ ಅದರ ತುದಿಗೆ ಹೊಸದಾಗಿ ಹಲ್ಲು ಕೊರೆದಿರಬೇಕು. ಒಂದಿಷ್ಟು ಓರೆಯಾಗಿದ್ದರೂ ಟೈರು ಒಂದೇ ಬದಿ ಸವೆಯುತ್ತಿತ್ತು. ಈ ಗಾಡಿಯ ಟೈರುಗಳನ್ನು ಅವಳೇ ಹನ್ನೊಂದು ವರ್ಷದಿಂದ ನೋಡುತ್ತಿದ್ದಳು, ಒಂದೂ ಹಾಗೆ ಸವೆದದ್ದಿಲ್ಲ. ಅವಳಿಗೆ ಇಂಥ ಕೆಲಸ ನನ್ನ ಕೈಯಲ್ಲಾಗದು ಎಂದು ಜೀವಮಾನದಲ್ಲಿ ಮೊದಲ ಸಲ ಅನ್ನಿಸಿತು. ಹೊಟ್ಟೆಕಿಚ್ಚಾಗಬೇಕಿತ್ತು. ಅದರ ಬದಲು ಕಣ್ಣು ತುಂಬಿ ಬಂತು.

"ಕತ್ತರಿಸಿ ಬೆಸೆದಿದಾರೆ ಮಾವ, ಗೊತ್ತೇ ಆಗದ ಹಾಗೆ. ಇದನ್ನ ಯಾರ ಹತ್ರ ತಗೊಂಡ್ರಿ?"

"ನಂದು ಮೂರನೇ ಕೈ. ಮಾರಿದವನು ಟೈರು ಹೊಸದು ಅಂತ ಹೇಳಿದ್ದ, ಅದೂ ಸುಳ್ಳು. ಯಾಕೆ, ಯಾರು ಮಾಡಿರ್ಬಹುದು? ಎಂಥ ಗಂಡಸಿರ್ಬೇಕು ಅವನು."

"ಹೆಂಗಸೂ ಇರ್ಬಹುದು."

"ಅದೂ ಹೌದು," ಎಂದರು ಮಾವ.

ಕೆಲಸ ಮಾಡಿದವರು ಮೂಲೆಯಲ್ಲೆಲ್ಲಾದರೂ ಒಂದು ಗುರುತು ಕೊರೆಯುತ್ತಾರೆ. ಅವಳೂ ಕೊರೆಯುತ್ತಾಳೆ, ಸಾಕಷ್ಟು ದೊಡ್ಡದಾಗಿಯೇ. ಇಲ್ಲಿ ಹುಡುಕಿದರೂ ಏನೂ ಸಿಗಲಿಲ್ಲ. ತಮ್ಮ ಬೆಸುಗೆ ಯಾರಿಗೂ ಕಾಣಬಾರದು ಎಂದೇ ಅದನ್ನು ಮಾಡಿದವರು ಅರದಿಂದ ತೀಡಿ, ಬಣ್ಣ ಬಳಿದು ಹೋಗಿದ್ದರು.

"ನಂಬರು ಸರಿಯಾಗೇ ಇದೆ," ಎಂದಳು ಫೋನಿಗೆ. "ಲಾರಿದೇ ಜಾಯಿಂಟು ಕಳಿಸು."

"ಕೂರದಿದ್ರೆ ನನ್ನ ಬೈಬಾರ್ದು ಮತ್ತೆ."

"ಕೂರತ್ತೆ."

ಮಾರನೆಯ ದಿನ ಅದು ಎರಡೇ ಏಟಿಗೆ ಕೂತಿತು. ಸಂಜೆ ಹುಳಗಳೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆಗಳ ಬಾಗಿಲು ಮುಚ್ಚಿ ಗಾಡಿಗೆ ಏರಿಸಿದರು. ಬೆಳಕು ಹರಿಯುವ ಹೊತ್ತಿಗೆ ಕೊನೆಯ ಏರಿನ ಬುಡದಲ್ಲಿದ್ದರು. ಮಾವ ಗಾಡಿ ನಡೆಸಿದರು, ಅವಳು ಕೆಳಗಿಳಿದು ಮುಂದಿನ ಚಕ್ರದ ಪಕ್ಕದಲ್ಲೇ ನಡೆದಳು. ನಡು ಏರಿನಲ್ಲಿ ಹಿಂದಿನ ಚಕ್ರಗಳು ಜಲ್ಲಿ ಉಗುಳುತ್ತ ಸುಮ್ಮನೆ ತಿರುಗತೊಡಗಿದವು. ಗಾಡಿ ಅರೆಗಳಿಗೆ ನಿಂತಿತು. ನಲವತ್ತು ಪೆಟ್ಟಿಗೆಗಳೂ ಒಟ್ಟಿಗೆ ಗುಂಯ್ ಎಂದವು. ಮುಂದಿನ ಚಕ್ರಗಳು ನೆಲ ಕಚ್ಚಿದವು, ನಿಧಾನವಾಗಿ, ಯಾವ ಗಲಾಟೆಯೂ ಇಲ್ಲದೆ, ಇಡೀ ಗಾಡಿಯನ್ನು ಮೇಲಕ್ಕೆಳೆದುಕೊಂಡವು.

ಮೇಲೆ ಹುಲ್ಲುಗಾವಲಿನ ತುಂಬ ಹಳದಿ ಹೂ. ಮಾವ ಪೆಟ್ಟಿಗೆಗಳನ್ನು ಇಳಿಸಿ ಒಂದೊಂದರ ಬಾಗಿಲು ತೆರೆದರು. ಹುಳಗಳು ಹೊರಬಂದು ಹೊಸ ಜಾಗದ ಗುರುತು ಹಿಡಿಯಲು ಸುತ್ತತೊಡಗಿದವು.

"ಬಾ ಇಲ್ಲಿ, ನೋಡು ಬಾ," ಎಂದು ಮಾವ ಕರೆದರು.

"ಬಂದೆ ಮಾವ," ಎಂದಳು ಅವಳು. ಗಾಡಿಯ ಕೆಳಗೆ, ಒದ್ದೆ ಹುಲ್ಲಿನ ಮೇಲೆ ಅಂಗಾತ ಮಲಗಿದ್ದಳು. ಬೆಸುಗೆಯ ಮೇಲೆ ಅಂಗೈ ಇಟ್ಟಿದ್ದಳು. ಕಬ್ಬಿಣ ಇನ್ನೂ ಬೆಚ್ಚಗಿತ್ತು.