ತಿಂಗಳಿಡೀ ಮುಂಗಡ ವಿಶ್ರಾಂತಿ

ಬೇಕರಿಯ ಸಾಹುಕಾರರಿಗೆ ಕೆಲಸಕ್ಕಿದ್ದ ಹದಿನಾರರ ಹುಡುಗಿಯ ಮೇಲೆ ಅದೆಂಥ ಮಮಕಾರ ಅಂತೀರಿ! "ನೀನು ಕೆಲಸದವಳಲ್ಲಮ್ಮ, ನಮ್ಮನೆ ಮಗಳು," ಎನ್ನುತ್ತಿದ್ದರು. ಸ್ವಂತ ಮಗಳು ಅಂಗಡಿಗೆ ಬಂದರೆ ಮಾತ್ರ ಬ್ರೆಡ್ ಕೊಯ್ಯುವ ಯಂತ್ರದ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

ಹದಿನೆಂಟು ತುಂಬದವರು ಆ ಯಂತ್ರ ಮುಟ್ಟಬಾರದೆಂಬ ನಿಯಮ ಗೋಡೆಯ ಮೇಲಿತ್ತು. ನಿಯಮದ ಮೇಲೆ ಕ್ಯಾಲೆಂಡರ್ ಇತ್ತು. ಬ್ರೆಡ್ ಸಿಕ್ಕಿಕೊಂಡು ಹೊತ್ತು ಹಾಳಾಗುತ್ತದೆಂದು ಬ್ಲೇಡುಗಳ ಮುಚ್ಚಳವನ್ನು ಸಾಹುಕಾರರೇ ಬಿಚ್ಚಿಟ್ಟಿದ್ದರು. ಮೊದಲಿದ್ದ ಹುಡುಗಿ ತೋರುಬೆರಳಿನ ತುದಿಯನ್ನು ಅಲ್ಲೇ ಬಿಟ್ಟು ಹೋಗಿದ್ದಳು. "ಜವಾಬ್ದಾರಿ ಅನ್ನೋದೇ ಇರಲಿಲ್ಲ ಅದಕ್ಕೆ," ಎಂದು ಸಾಹುಕಾರರು ಇಂದಿಗೂ ನೊಂದುಕೊಳ್ಳುತ್ತಿದ್ದರು. ಈಗ ಅದನ್ನು ನಡೆಸುವವಳು ಇವಳೇ; ಯಂತ್ರ ಗುರ್ ಎಂದಾಗಲೆಲ್ಲ ಬೆರಳು ಮಡಚಿಕೊಳ್ಳುತ್ತಿದ್ದಳು. ಮನೆಯಲ್ಲಿ ಅಮ್ಮ, "ಸಿಕ್ಕಿರೋ ಕೆಲಸ ಬಿಡಬೇಡ್ವೇ, ಸ್ವಲ್ಪ ಹುಷಾರಾಗಿರು," ಎಂದು ಮಾತು ಮುಗಿಸುತ್ತಿದ್ದಳು.

ಇನ್ನು ವಿಶ್ರಾಂತಿಯ ಭಾಗ್ಯ! ದಿನಾ ನಾಲ್ಕರಿಂದ ನಾಲ್ಕೂವರೆ, ಕಡ್ಡಾಯ. ಪುಸ್ತಕದಲ್ಲಿ ದಿನಾ ಸಹಿ ಹಾಕಿಸುವ ತಾಪತ್ರಯ ಯಾರಿಗೆ ಬೇಕೆಂದು ಸಾಹುಕಾರರು ಒಂದನೇ ತಾರೀಕಿಗೇ ಇಡೀ ತಿಂಗಳ ಸಹಿ ಹಾಕಿಸಿಬಿಡುತ್ತಿದ್ದರು. ಹುಡುಗಿ ಒಂದು ದಿನವೂ ಕೂತವಳಲ್ಲ. ಪುಸ್ತಕದಲ್ಲಿ ಮಾತ್ರ ಕಾಲು ಚಾಚಿಕೊಂಡು ಆರಾಮಾಗಿದ್ದಳು.

ಹನ್ನೊಂದನೇ ತಾರೀಕು ಸಂಜೆ ನಾಲ್ಕು ಹತ್ತಕ್ಕೆ ಕಾರ್ಮಿಕ ಇಲಾಖೆಯ ಅಧಿಕಾರಿಣಿ ಬಾಗಿಲಲ್ಲಿ ನಿಂತರು. ಹುಡುಗಿ ಯಂತ್ರದ ಮುಂದೆಯೇ ಇದ್ದಳು. ಸಾಹುಕಾರರು ಚಂಗನೆ ಹಾರಿ ಸ್ವಿಚ್ ಆರಿಸಿ, ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು.

"ಇದು ಅವಳ ವಿಶ್ರಾಂತಿ ಟೈಮು ಮೇಡಂ. ಸುಮ್ನೆ ಯಂತ್ರ ನೋಡ್ತಾ ನಿಂತಿದ್ಲು. ಬೇಕಿದ್ರೆ ಪುಸ್ತಕ ನೋಡಿ."

"ನಿಜಾನೇನಮ್ಮಾ?"

ಸಾಹುಕಾರರು ಕಣ್ಣು ಕೆಕ್ಕರಿಸಿದರು. ಹೌದೆಂದರೆ ನಾಳೆ ಮತ್ತದೇ ಬ್ಲೇಡು; ಅಲ್ಲವೆಂದರೆ ಕೆಲಸಕ್ಕೆ ಎಳ್ಳುನೀರು. ಹುಡುಗಿ ಮಡಿಲಲ್ಲಿದ್ದ ಬೆರಳುಗಳನ್ನು ನೋಡಿಕೊಂಡಳು. ಹತ್ತೂ ಇದ್ದವು.

"ನಿಜ ಮೇಡಂ. ನಾಳೆ ವಿಶ್ರಾಂತೀನೂ ತಗೊಂಡಾಗಿದೆ. ಮೂವತ್ತನೇ ತಾರೀಕಿನವರೆಗೂ ತಗೊಂಡಾಗಿದೆ. ಭಾನುವಾರ ಅಂಗಡಿ ಬಾಗಿಲೇ ತೆಗೆಯಲ್ಲ, ಆವತ್ತೂ ಇಲ್ಲೇ ಕೂತು ಸುಧಾರಿಸ್ಕೊಂಡಿದ್ದೀನಿ."

ಅಧಿಕಾರಿಣಿ ಪುಸ್ತಕದ ಹಾಳೆ ತಿರುವಿದರು. ಆಮೇಲೆ ಗೋಡೆಯ ಕ್ಯಾಲೆಂಡರ್ ಸರಿಸಿ ಹಿಂದಿದ್ದ ನಿಯಮ ಓದಿದರು. ಬ್ಲೇಡಿನ ಮುಚ್ಚಳ ಎಲ್ಲಿ ಎಂದು ಕೇಳಿದಾಗ ಸಾಹುಕಾರರಿಗೆ ಕೆಮ್ಮು ಬಂತು. "ಹಿಟ್ಟಿನ ಮೂಟೆ ಹಿಂದೆ," ಎಂದಳು ಸ್ಟೂಲಿನ ಮೇಲಿದ್ದ ಮನೆಮಗಳು. ಯಂತ್ರಕ್ಕೆ ಸೀಲು ಬಿತ್ತು. ಹುಡುಗಿಯನ್ನು ಕೆಲಸದಿಂದ ತೆಗೆದರೆ ಮತ್ತೆ ಬರುತ್ತೇನೆಂದು ಹೇಳಿ ಅಧಿಕಾರಿಣಿ ಹೊರಟರು.

"ಉಂಡ ಮನೆಗೇ ಎರಡು ಬಗೆದ್ಯಲ್ಲೇ! ಏಳು, ಚಾಕು ತಗೋ, ನಲವತ್ತು ಬ್ರೆಡ್ ಆರ್ಡರ್ ಇದೆ!"

ಹುಡುಗಿ ತಲೆಯೆತ್ತಿ ಗಡಿಯಾರ ನೋಡಿದಳು.

"ನಾಲ್ಕೂವರೆಗೆ ಇನ್ನೂ ಮೂರು ನಿಮಿಷ ಇದೆ ಸಾರ್. ಸಹಿ ಹಾಕಿಬಿಟ್ಟಿದ್ದೀನಿ."

ಸಾಹುಕಾರರು ಹಲ್ಲು ಕಡಿಯುತ್ತ ತಾವೇ ಚಾಕು ಹಿಡಿದರು. ಹುಡುಗಿ ಸ್ಟೂಲಿನಿಂದ ಕದಲಲಿಲ್ಲ.

"ನಿಧಾನ ಸಾರ್," ಎಂದಳು. "ಬೆರಳು ಹುಷಾರು."