ಕುರ್ಚಿಯಮ್ಮ ಎದ್ದ ದಿನ

"ಬಿಡು ಅಂದ್ರೆ ಬಿಡು!" ಸೋದರಮಾವ ಕುರ್ಚಿಯ ಬೆನ್ನು ಹಿಡಿದು ಜಗ್ಗಿದ.

"ನೀನೇ ಬಿಡು ಮಾವ, ಮುರಿದುಹೋಗತ್ತೆ." ಪುಟ್ಟಿ ಕುರ್ಚಿಯ ಕಾಲು ಹಿಡಿದು ತನ್ನ ಕಡೆ ಎಳೆದಳು.

ಇಬ್ಬರ ನಡುವೆ, ತೆರೆದ ಪೆಟ್ಟಿಗೆಯಲ್ಲಿ, ದೊಡ್ಡಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ತಮ್ಮ ಮತ್ತು ತಂಗಿಯ ಮಗಳು ತನ್ನ ತಲೆಯ ಮೇಲೇ ಜಗಳ ಆಡುತ್ತಿದ್ದರೂ ಅವಳಿಗೆ ಅದರ ಗೊಡವೆ ಇರಲಿಲ್ಲ. ಅದು ಮಡಚುವ ಕುರ್ಚಿ. ಕ್ಯಾನ್ವಾಸಿಗೆ ನಾಲ್ಕಾರು ತೇಪೆ ಬಿದ್ದಿತ್ತು, ಕೂತರೆ ಕಿರ್ರ್ ಅನ್ನುತ್ತಿತ್ತು. ಅದು ಅಕ್ಕನ ಜೊತೆಗೇ ಹೋಗಲಿ ಅಂತ ಮಾವನ ಹಟ. ಉದ್ದಕ್ಕೆ ಇಟ್ಟು ನೋಡಿದ್ದ, ಮುಚ್ಚಳ ಕೂರಲಿಲ್ಲ. ಅಡ್ಡಕ್ಕೆ ತುರುಕಲು ಹೋದರೆ ಅಕ್ಕನ ಮೊಣಕೈ ಜಾಗ ಬಿಡಲಿಲ್ಲ.

"ಹಾಗಾದ್ರೆ ಅಕ್ಕ ಅಲ್ಲಿ ಹೋಗಿ ನಿಂತ್ಕೊಂಡೇ ಇರ್ಬೇಕಾ?"

"ಅಲ್ಲಿ ಕುರ್ಚಿ ಕೊಡ್ತಾರೆ ಮಾವ. ಕೊಡದೆ ಇರೋದು ಇಲ್ಲಿಯವರು."

ಗೋಡೆಗೆ ಒರಗಿ ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಸಾವಿನ ಮನೆ ಅಂತ ಯಾರಿಗೂ ನೆನಪಿದ್ದಂತಿರಲಿಲ್ಲ. ತುಂಬು ಬಾಳು ಬಾಳಿದ ಹೆಂಗಸು, ಸಂಜೆ ಸಸಿಗಳಿಗೆ ನೀರುಣಿಸಿ, ಉಂಡು, ಮಲಗಿ, ಬೆಳಿಗ್ಗೆ ಏಳಲಿಲ್ಲ ಅಷ್ಟೆ. ಇಂಥ ಸಾವು ಯಾರಿಗುಂಟು ಯಾರಿಗಿಲ್ಲ! ಬಂದವರೆಲ್ಲ ಅವಳ ಒಂದೊಂದು ಕಿತಾಪತಿ ನೆನೆಸಿಕೊಂಡು ನಗುತ್ತಿದ್ದರು. ಪುಟ್ಟಿಯೂ ನಕ್ಕಳು. ಆದರೆ ಕುರ್ಚಿ ಮಾತ್ರ ಬಿಡಲಿಲ್ಲ. ನಾಳೆ ಗುರುವಾರ. ಗುರುವಾರ ಈ ಕುರ್ಚಿ ಹೊತ್ತುಕೊಂಡು ದೊಡ್ಡಮ್ಮ ಅವಳ ಜೊತೆ ಡಾಕ್ಟರ ಹತ್ತಿರ ಬರಬೇಕಿತ್ತು. ಇನ್ನು ಪುಟ್ಟಿಯ ಮಾತನ್ನು ನಂಬುವವರು ಯಾರಿದ್ದಾರೆ?

* * *

ದೊಡ್ಡಮ್ಮನಿಗೆ ಕುರ್ಚಿಯಮ್ಮ ಅನ್ನುವ ಹೆಸರು ಬಿದ್ದದ್ದು ಪುಟ್ಟಿ ಇನ್ನೂ ಎರಡು ಜಡೆ ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ. ಸಸಿತೋಟದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡಿ ಬದುಕಿದವಳು ಆಕೆ. ಆಗಾಗ ಅವಳ ಸೊಂಟದ ಮೇಲೆ ಕೆಂಪನೆ ಗೆರೆಯೊಂದು ಏಳುತ್ತಿತ್ತು. ಒಳಗಿನಿಂದ ಯಾರೋ ದಾರ ಎಳೆದ ಹಾಗೆ ಸರಿಯುತ್ತಿತ್ತು, ಪ್ರಾಣ ಹೋಗುವಷ್ಟು ನವೆ. ಡಾಕ್ಟರ ಬಾಗಿಲು ಮುಟ್ಟುವ ಹೊತ್ತಿಗೆ ಮಾಯ.

"ಏನೂ ಇಲ್ಲ. ಅಲರ್ಜಿ," ಅಂದರು ಡಾಕ್ಟರು ಮೊದಲ ಸಲ. ಮುಂದಿನ ಸಲ, "ಮನಸ್ಸಿಗೆ ಹಚ್ಕೊಂಡಿದೀರಿ ಅಷ್ಟೆ." ಆ ಕೋಣೆಯಲ್ಲಿ ರೋಗಿಗೆ ಕುರ್ಚಿಯೇ ಇರಲಿಲ್ಲ. ಕೂರಿಸಿದರೆ ಜನ ಕತೆ ಶುರು ಮಾಡುತ್ತಾರೆ ಅಂತ ಅವರೇ ತೆಗೆಸಿಹಾಕಿದ್ದರು.

ಮಾರನೆಯ ದಿನ ದೊಡ್ಡಮ್ಮ ಕಂಕುಳಲ್ಲಿ ಮಡಚಿದ ಕುರ್ಚಿ ಇಟ್ಟುಕೊಂಡು ಹೋದಳು. ಕೋಣೆಯ ಮೂಲೆಯಲ್ಲಿ ಬಿಡಿಸಿ, ಕಿರ್ರ್ ಅನ್ನಿಸಿ, ಕೂತಳು.

"ಏನಮ್ಮ ಇದು?"

"ಅದು ಬರೋವರೆಗೂ ಕೂತಿರ್ತೀನಿ ಡಾಕ್ಟ್ರೇ. ನಿಮ್ಮ ಪಾಡಿಗೆ ನೀವು ಕೆಲಸ ಮಾಡ್ಕೊಳ್ಳಿ."

ಬೈದರು, ಬೇಡಿದರು, ಕಾಂಪೌಂಡರನ್ನು ಕರೆದರು. ಅವಳು ಜಪ್ಪಯ್ಯ ಅಂದರೂ ಏಳಲಿಲ್ಲ. ಬೇರೆ ರೋಗಿ ಬಂದಾಗ ಮರ್ಯಾದೆಯಾಗಿ ಕುರ್ಚಿ ತಿರುಗಿಸಿ, ಗೋಡೆಗೆ ಮುಖ ಮಾಡಿ, ಎರಡೂ ಕಿವಿಗೆ ಬೆರಳಿಟ್ಟುಕೊಳ್ಳುತ್ತಿದ್ದಳು. "ಧಾರಾಳವಾಗಿ ಹೇಳ್ಕೊಳ್ಳಪ್ಪ, ನಂಗೇನೂ ಕೇಳಿಸಲ್ಲ." ಆಮೇಲೆ ಗೋಡೆಯ ಕಡೆಯಿಂದಲೇ ದನಿ ಬರುತ್ತಿತ್ತು: "ಪಾಪ, ಇನ್ನೇನೋ ಹೇಳ್ತಿದ್ದ ಡಾಕ್ಟ್ರೇ, ಮುಗಿಸೋಕೆ ಬಿಡಿ."

ಮರುದಿನ ಮಧ್ಯಾಹ್ನ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳಂತೆ: "ಬಂತು! ಬಂತು!"

ಡಾಕ್ಟರು ಸಿಟ್ಟಿನಲ್ಲೇ ಪೆನ್ನು ತೆಗೆದು ಗೆರೆಯ ತುದಿಗೆ ಒಂದು ಚುಕ್ಕಿ ಇಟ್ಟರು. "ಇದು ಸರಿಯತ್ತೆ ಅಂತೀರಲ್ಲ, ನೋಡೋಣ." ಉಳಿದ ರೋಗಿಗಳನ್ನು ಮುಗಿಸಿ ಬಂದು ನೋಡಿದರೆ ಗೆರೆ ಚುಕ್ಕಿಯನ್ನು ದಾಟಿ ಮುಂದೆ ಹೋಗಿತ್ತು. ಮಣ್ಣಿನಿಂದ ಅಂಗಾಲು ಹೊಕ್ಕ ಹುಳ ಚರ್ಮದಡಿ ಹರಿಯುತ್ತಿತ್ತು. ಪರೀಕ್ಷೆ ಮಾಡಿಸಿ ಮಾತ್ರೆ ಕೊಟ್ಟರು, ನವೆ ಹೋಯಿತು. ಕುರ್ಚಿ ಮಾತ್ರ ಉಳಿಯಿತು. ಡಾಕ್ಟರು ತನ್ನ ಮಾತು ಕೇಳಿಸಿಕೊಳ್ಳಲಿಲ್ಲ ಅಂತ ಯಾರು ಬಂದು ಹೇಳಿದರೂ ದೊಡ್ಡಮ್ಮ ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೊರಡುತ್ತಿದ್ದಳು. "ಕಾಯಿಲೆ ಗೀಯಿಲೆ ನಂಗೇನು ಗೊತ್ತು? ಕೂತ್ಕೊಳ್ಳೋದೊಂದು ಗೊತ್ತು."

* * *

ಪುಟ್ಟಿಗೆ ಈಗ ನಲವತ್ತು ದಾಟಿತ್ತು. ಸಸಿತೋಟ ಅವಳ ಕೈಗೆ ಬಂದಿತ್ತು. ಅದರ ಜೊತೆ, ಕೆಲವು ತಿಂಗಳಿಂದ, ಆ ಗೆರೆಯೂ ಬಂದಿತ್ತು.

ಹಳೇ ಡಾಕ್ಟರು ಕೈ ನಡುಗುತ್ತದೆ ಅಂತ ರೋಗಿಗಳನ್ನು ನೋಡುವುದು ಬಿಟ್ಟಿದ್ದರು, ಕೋಣೆಯಲ್ಲಿ ಅವರ ಮಗಳು ಕೂರುತ್ತಿದ್ದಳು. ಕೆಟ್ಟವಳಲ್ಲ, ಪುರುಸೊತ್ತಿಲ್ಲದವಳು. ಪುಟ್ಟಿಯ ಸೊಂಟ ನೋಡಿ, "ಏನೂ ಕಾಣಿಸ್ತಾ ಇಲ್ವಲ್ಲ," ಅಂದಳು.

"ನಮ್ಮ ದೊಡ್ಡಮ್ಮನಿಗೂ ಹೀಗೇ ಆಗಿತ್ತು."

"ಅದೇ ಮತ್ತೆ. ಅವರ ಮಾತು ಕೇಳಿ ಕೇಳಿ ನಿಮಗೂ ಹಾಗೇ ಅನ್ನಿಸ್ತಿದೆ." ಮನಸ್ಸಿನ ಡಾಕ್ಟರ ಹತ್ತಿರ ಹೋಗಿ ಅಂತ ಚೀಟಿ ಬರೆದುಕೊಟ್ಟಳು.

ಮನೆಗೆ ಬಂದು ಪುಟ್ಟಿ ಗಂಡನನ್ನು ಕೇಳಿದಳು: "ನಂಗೆ ತಲೆ ಕೆಟ್ಟಿದೆ ಅನ್ಸತ್ತಾ ನಿಮಗೆ?" ಬೀಗ ರಿಪೇರಿ ಮಾಡುವ ಗಂಡ ಕೈಯಲ್ಲಿದ್ದ ಬೀಗವನ್ನೇ ನೋಡುತ್ತ ಸುಮ್ಮನೆ ಕೂತ. ಅವನು ಹಾಗೆ ಸುಮ್ಮನಿದ್ದದ್ದು ಅವಳನ್ನು ನವೆಗಿಂತ ಹೆಚ್ಚು ಸುಟ್ಟಿತು.

ದೊಡ್ಡಮ್ಮ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಗುರುವಾರ ಹೋಗೋಣ," ಅಂದಳು. "ಕುರ್ಚಿಗೆ ಇನ್ನೊಂದು ತೇಪೆ ಹಾಕಿಡು."

* * *

ಕೊನೆಗೆ ಮಾವನೇ ಸೋತು ಕುರ್ಚಿ ಬಿಟ್ಟ. ಹಳೇ ಡಾಕ್ಟರು ಮಗಳ ತೋಳು ಹಿಡಿದು ಒಳಗೆ ಬಂದರು. ಮುಚ್ಚಳ ಹಾಕುವ ಹೊತ್ತು. ಹೆಂಗಸರು ನಗು ನಿಲ್ಲಿಸಿ ಎದ್ದು ನಿಂತರು.

ಆಗ ಪುಟ್ಟಿಯ ಸೊಂಟದ ಮೇಲೆ ಸಣ್ಣಗೆ ಉರಿ ಹತ್ತಿತು. ಅಯ್ಯೋ ಹಾಳಾದ್ದೇ, ಇದಕ್ಕೆ ಬೇರೆ ಹೊತ್ತು ಸಿಗಲಿಲ್ಲವೇ! ತುಟಿ ಕಚ್ಚಿ ಹಿಡಿದಳು. ದೊಡ್ಡಮ್ಮನ ಮುಖ ನೋಡಿದಳು. ಹೆಣ ಎದುರಿಗಿದೆ, ನೂರು ಜನ ಇದ್ದಾರೆ, ಮಾನ ಮರ್ಯಾದೆ ಅಂತ ಒಂದಿದೆ. ಸಂಜೆಗೆ ಗೆರೆ ಮಾಯ, ನಾಳೆ ಅದೇ ಚೀಟಿ, ಗಂಡನ ಅದೇ ಮೌನ.

"ಬಂತು!" ಅಂತ ಕೂಗಿಬಿಟ್ಟಳು. "ಬಂತು! ಬಂತು!"

ಮೊದಲು ಮಾವ ಗೊಳ್ಳೆಂದು ನಕ್ಕ. ಆ ಕೂಗಿನ ಕತೆ ಗೊತ್ತಿಲ್ಲದವಳು ಆ ಮನೆಯಲ್ಲಿ ಒಬ್ಬಳೇ, ಮಗಳು ಡಾಕ್ಟರು. ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತ ನಗುತ್ತ ಅತ್ತರು.

"ಈಗ ಬೇಡ," ಅಂದಳು ಮಗಳು ಡಾಕ್ಟರು, ಮುಖ ಕೆಂಪಾಗಿ. "ನಾಳೆ ಕ್ಲಿನಿಕ್ಕಿಗೆ ಬನ್ನಿ."

"ನಾಳೆ ಅದು ಇರಲ್ಲ ಕಣಮ್ಮ." ಹಳೇ ಡಾಕ್ಟರು ಜೇಬಿನಿಂದ ಪೆನ್ನು ತೆಗೆದು ಮಗಳ ಕೈಗಿಟ್ಟರು. "ಗೆರೆ ತುದಿಗೆ ಒಂದು ಚುಕ್ಕಿ ಇಡು. ನಾನೂ ಇಟ್ಟಿದ್ದೆ, ಪೆಟ್ಟಿಗೇಲಿ ಮಲಗಿದಾಳಲ್ಲ, ಇವಳಿಗೆ. ನಿಂಗೆ ಹೇಳಿರ್ಲಿಲ್ಲ. ಹೇಳೋ ಅಂಥ ಘನಕಾರ್ಯ ಏನೂ ಆಗಿರ್ಲಿಲ್ಲ ನೋಡು."

ಹೆಂಗಸರು ದುಪ್ಪಟಿ ಅಡ್ಡ ಹಿಡಿದರು. ಮಗಳು ಡಾಕ್ಟರು ಬಗ್ಗಿ, ಕೆಂಪು ಗೆರೆಯ ತುದಿಗೆ ನೀಲಿ ಚುಕ್ಕಿ ಇಟ್ಟಳು.

"ಈಗೇನು ಮಾಡೋದಪ್ಪ?"

"ಕಾಯೋದು. ಅಷ್ಟರಲ್ಲಿ ಇವಳನ್ನ ಕಳಿಸಿ ಬರೋಣ."

ಮುಚ್ಚಳ ಕೂತಿತು. ಗಂಡಸರು ಪೆಟ್ಟಿಗೆಯನ್ನು ಹೆಗಲಿಗೆ ಎತ್ತಿದಾಗ ಮಾವ ಕಣ್ಣೊರೆಸಿಕೊಳ್ಳುತ್ತ, "ಅಂತೂ ಎದ್ಲು ನೋಡ್ರಪ್ಪ ನಮ್ಮಕ್ಕ!" ಅಂದ. ಮತ್ತೆ ನಗು, ಮತ್ತೆ ಅಳು.

ದಾರಿಯುದ್ದಕ್ಕೂ ಪುಟ್ಟಿಯ ಗಂಡ ಕುರ್ಚಿ ಹೊತ್ತು ಅವಳ ಪಕ್ಕದಲ್ಲೇ ನಡೆದ.

"ಕಡೀತಾ ಇದೆಯಾ?"

"ಹೂಂ."

"ಕೆರ್ಕೋಬೇಡ, ಚುಕ್ಕಿ ಅಳಿಸಿಹೋಗತ್ತೆ." ನಾಲ್ಕು ಹೆಜ್ಜೆ ಹಾಕಿ, "ಅವತ್ತು ನಾನು ಸುಮ್ನಿದ್ನಲ್ಲ, ಹಾಗೆ ಸುಮ್ನಿರಬಾರದಿತ್ತು," ಅಂದ.

ಪುಟ್ಟಿ ಅವನ ತೋಳು ಹಿಡಿದುಕೊಂಡಳು. ದೊಡ್ಡಮ್ಮನ ಮೇಲೆ ಮಣ್ಣು ಹಾಕುವಾಗ ಅವಳಿಗೆ ಬಿಕ್ಕಿ ಬಿಕ್ಕಿ ಅಳು ಬಂತು. ಜೀವವೇ ಹೋದಷ್ಟು ಸಂಕಟವಾಯಿತು. ಆದರೂ ಸೊಂಟದ ನವೆಯನ್ನು ಮುಟ್ಟಲಿಲ್ಲ. ಅಕ್ಕಪಕ್ಕದವರೂ ಅತ್ತರು, ಅಳುತ್ತಲೇ ನಡುನಡುವೆ ಅವಳ ಸೊಂಟದ ಕಡೆ ಕಣ್ಣು ಹಾಯಿಸಿದರು.

ಮನೆಗೆ ಮರಳಿದ್ದೇ ತಡ, ಒಳಕೋಣೆಯಲ್ಲಿ ಮತ್ತೆ ದುಪ್ಪಟಿ ಎದ್ದಿತು. ಹೊರಗೆ ಗಂಡಸರು ಬಾಗಿಲಿಗೆ ಕಿವಿ ಹಚ್ಚಿ ನಿಂತರು. ಮಗಳು ಡಾಕ್ಟರು ಮೊಣಕಾಲೂರಿ ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ನೀಲಿ ಚುಕ್ಕಿ ಇದ್ದಲ್ಲೇ ಇತ್ತು. ಕೆಂಪು ಗೆರೆ ಅದನ್ನು ಹಿಂದೆ ಬಿಟ್ಟು ಹೆಬ್ಬೆರಳಿನಷ್ಟು ಮುಂದೆ ಹೋಗಿತ್ತು.

"ಏನಾಯ್ತು? ದಾಟ್ತಾ?" ಹೊರಗಿನಿಂದ ಮಾವನ ದನಿ.

"ದಾಟ್ತು!" ಅಂತ ಪುಟ್ಟಿ ಕೂಗಿದಳು. ಹೊರಗೆ ಹೋ ಅಂತ ಗದ್ದಲ ಎದ್ದಿತು. ಅವಳ ಗಂಡನ ದನಿಯೇ ಎಲ್ಲರಿಗಿಂತ ದೊಡ್ಡದಾಗಿ ಕೇಳಿತು.

ಮಗಳು ಡಾಕ್ಟರು ತಾನು ಕೊಟ್ಟಿದ್ದ ಚೀಟಿಯನ್ನು ವಾಪಸು ಕೇಳಲಿಲ್ಲ, ಕ್ಷಮಿಸಿ ಅಂತಲೂ ಅನ್ನಲಿಲ್ಲ. ಸುತ್ತ ನೋಡಿದಳು. ಗೋಡೆಗೆ ಒರಗಿಸಿದ್ದ ಮಡಚು ಕುರ್ಚಿಯನ್ನು ತೆಗೆದು ಬಿಡಿಸಿದಳು. ಪುಟ್ಟಿಯನ್ನು ಮಂಚದ ಮೇಲೆ ಕೂರಿಸಿ, ಅವಳೆದುರಿಗೆ ಕುರ್ಚಿ ಎಳೆದುಕೊಂಡಳು.

"ಹೇಳಿ," ಅಂದಳು. "ಮೊದಲಿನಿಂದ ಹೇಳಿ."

ಹಾಗಂದು ಕೂತಳು. ಕುರ್ಚಿ ಕಿರ್ರ್ ಅಂದಿತು.